ಎಂ.ಆರ್.ಐ. ವರದಿಯಲ್ಲಿ ಕಿಯಾರಿ 1, ಬೆನ್ನುಹುರಿಯಲ್ಲಿ ಸಿರಿಂಕ್ಸ್: ಶಸ್ತ್ರಚಿಕಿತ್ಸೆಗೆ ಒಪ್ಪಬೇಕೇ?

ಪ್ರಶ್ನೆ: ಸಾಗರದ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ. ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮದು ಅಡಿಕೆ ತೋಟದ ಮನೆ. ಸುಮಾರು ನಾಲ್ಕು ವರ್ಷಗಳಿಂದ ಕೆಮ್ಮಿದಾಗ, ಸೀನಿದಾಗ, ಬಗ್ಗಿ ಕೊಡಪಾನ ಎತ್ತಿದಾಗ ತಲೆಯ ಹಿಂಭಾಗದಲ್ಲಿ, ಕತ್ತು ಸೇರುವ ಜಾಗದಲ್ಲಿ, ಸುತ್ತಿಗೆಯಿಂದ ಹೊಡೆದಂತಹ ನೋವು ಬಂದು ಅರ್ಧ ನಿಮಿಷದಲ್ಲಿ ಇಳಿದುಹೋಗುತ್ತದೆ. ಗಟ್ಟಿಯಾಗಿ ನಕ್ಕರೂ ಅದೇ ನೋವು. ಮನೆಯಲ್ಲಿ ಯಾರಾದರೂ ತಮಾಷೆಯ ಮಾತು ತೆಗೆದರೆ ನಾನು ಮೊದಲು ಹಿಂದಲೆಯನ್ನು ಕೈಯಿಂದ ಒತ್ತಿ ಹಿಡಿದುಕೊಳ್ಳುತ್ತೇನೆ. ಇಷ್ಟು ದಿನ ಇದನ್ನು ಗ್ಯಾಸ್ಟ್ರಿಕ್ ತಲೆನೋವು, ಕತ್ತಿನ ಮೂಳೆಯ ಸವಕಳಿ ಎಂದು ತಿಳಿದು ಮಾತ್ರೆ, ಎಣ್ಣೆ, ಬಿಸಿನೀರಿನ ಶಾಖದಲ್ಲಿ ಕಾಲ ಕಳೆದೆ.

ಕಳೆದ ಕೊಯ್ಲಿನ ಸಮಯದಲ್ಲಿ ನಡೆದ ಒಂದು ಘಟನೆಯಿಂದಾಗಿ ವಿಷಯ ಗಂಭೀರವಾಯಿತು. ಅಡಿಕೆ ಬೇಯಿಸುವ ಹಂಡೆಯ ಅಂಚಿಗೆ ನನ್ನ ಎಡಗೈ ತಾಗಿ ಅಂಗೈ ಬದಿಯಲ್ಲಿ ದೊಡ್ಡ ಬೊಕ್ಕೆ ಎದ್ದಿತ್ತು. ಅದನ್ನು ಮೊದಲು ನೋಡಿದವಳು ನಾನಲ್ಲ, ನನ್ನ ಮಗಳು. ಹಂಡೆ ತಾಗಿದ್ದು ಗೊತ್ತಾಗಿತ್ತು, ಆದರೆ ಅದು ಬಿಸಿ ಎನ್ನುವುದು ಗೊತ್ತಾಗಿರಲಿಲ್ಲ. ಆಮೇಲೆ ಶಿವಮೊಗ್ಗದಲ್ಲಿ ಮೆದುಳು ಮತ್ತು ಕತ್ತಿನ ಎಂ.ಆರ್.ಐ. ಮಾಡಿಸಿದೆವು. ವರದಿಯ ಮುಖ್ಯ ಸಾಲುಗಳು ಹೀಗಿವೆ: ಸೆರೆಬೆಲ್ಲರ್ ಟಾನ್ಸಿಲ್‌ಗಳು ಫೋರಾಮೆನ್ ಮ್ಯಾಗ್ನಮ್‌ನಿಂದ 9 ಮಿ.ಮೀ. ಕೆಳಗೆ ಇಳಿದಿವೆ, ತುದಿಗಳು ಗೂಟದಂತೆ ಚೂಪಾಗಿವೆ. ಬೆನ್ನುಹುರಿಯಲ್ಲಿ ಸಿ4ರಿಂದ ಟಿ1ರವರೆಗೆ ಸಿರಿಂಕ್ಸ್ ಇದೆ, ಅತಿ ಅಗಲವಾದ ಕಡೆ 5 ಮಿ.ಮೀ.; ಅದರ ಕೆಳತುದಿ ಈ ಚಿತ್ರಗಳಲ್ಲಿ ಪೂರ್ತಿಯಾಗಿ ಸೇರಿಲ್ಲ; ಹೈಡ್ರೋಕೆಫಲಸ್ ಇಲ್ಲ. ಕೊನೆಯಲ್ಲಿ ‘ಕಿಯಾರಿ 1 ಮ್ಯಾಲ್‌ಫಾರ್ಮೇಶನ್’ ಎಂದು ಬರೆದಿದ್ದಾರೆ.

ವರದಿ ಓದಿ ಹೇಳಿದಾಗ ನನ್ನ ಅತ್ತೆಯವರು, ‘ಟಾನ್ಸಿಲ್ ಗಂಟಲಲ್ಲಿ ಅಲ್ಲವೇ ಇರುವುದು, ತಲೆಗೆ ಯಾಕೆ ಕತ್ತರಿ ಹಾಕುತ್ತಾರೆ?’ ಎಂದು ಕೇಳಿದರು. ನನಗೂ ಉತ್ತರ ಗೊತ್ತಿರಲಿಲ್ಲ.

ಶಿವಮೊಗ್ಗದ ನರಶಸ್ತ್ರಚಿಕಿತ್ಸಕರು, ಶಸ್ತ್ರಚಿಕಿತ್ಸೆ ಬೇಕು, ಬಹಳ ತಿಂಗಳು ಕಾಯಬಾರದು ಎಂದರು. ಬೆಂಗಳೂರಿನಲ್ಲಿ ಎರಡನೆಯ ಅಭಿಪ್ರಾಯ ಕೇಳಿದಾಗ, ಆ ವೈದ್ಯರು ಇಡೀ ಬೆನ್ನಿನ ಎಂ.ಆರ್.ಐ., ದ್ರವದ ಹರಿವಿನ ಪರೀಕ್ಷೆ ಮತ್ತು ಕತ್ತನ್ನು ಬಗ್ಗಿಸಿ ಚಾಚಿ ತೆಗೆಯುವ ಎಕ್ಸ್‌ರೇ ಬರೆದುಕೊಟ್ಟು, ‘ಇವು ಆಗದೆ ನಾನು ಶಸ್ತ್ರಚಿಕಿತ್ಸೆಯ ಮಾತಾಡುವುದಿಲ್ಲ’ ಎಂದು ಕಳುಹಿಸಿದರು. ಒಬ್ಬರು ಮಾಡಿಸಿ ಎನ್ನುತ್ತಾರೆ, ಇನ್ನೊಬ್ಬರು ಬೇಡ ಎನ್ನುತ್ತಾರೆ ಎಂದು ಮನೆಯಲ್ಲಿ ಗೊಂದಲವಾಗಿದೆ. 9 ಮಿ.ಮೀ. ಎಂದರೆ ಹೆಚ್ಚೋ ಕಡಿಮೆಯೋ, ಸಿರಿಂಕ್ಸ್ ಎಂದರೇನು, ಮಾತ್ರೆಯಲ್ಲಿ ಇದು ವಾಸಿಯಾಗುತ್ತದೆಯೇ, ನನ್ನ ಮಗಳಿಗೂ ಪರೀಕ್ಷೆ ಮಾಡಿಸಬೇಕೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಎಂ.ಆರ್.ಐ. ತಂತ್ರಜ್ಞ

ಮೇಡಂ, ನಾನು ವೈದ್ಯನಲ್ಲ. ಹತ್ತೊಂಬತ್ತು ವರ್ಷ ಎಂ.ಆರ್.ಐ. ವಿಭಾಗದಲ್ಲಿ ತಂತ್ರಜ್ಞನಾಗಿದ್ದೆ. ಆದ್ದರಿಂದ ಶಸ್ತ್ರಚಿಕಿತ್ಸೆ ಬೇಕೇ ಬೇಡವೇ ಎಂದು ಹೇಳುವ ಅಧಿಕಾರ ನನಗಿಲ್ಲ, ಆದರೆ ವರದಿಯಲ್ಲಿ ಬರೆದದ್ದು ಏನು ಎಂಬುದನ್ನು ಬಿಡಿಸಿ ಹೇಳಬಲ್ಲೆ.

ಮೊದಲು ನಿಮ್ಮ ಅತ್ತೆಯವರ ಪ್ರಶ್ನೆ, ಏಕೆಂದರೆ ಅದು ನ್ಯಾಯವಾದ ಪ್ರಶ್ನೆ. ಗಂಟಲಿನ ಟಾನ್ಸಿಲ್‌ಗೂ ಇದಕ್ಕೂ ಹೆಸರಿನ ಹೊರತು ಯಾವ ಸಂಬಂಧವೂ ಇಲ್ಲ. ತಲೆಯ ಹಿಂಭಾಗದಲ್ಲಿ ಕಿರುಮೆದುಳು ಇರುತ್ತದೆ. ಅದರ ಕೆಳತುದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಇರುವ ಪುಟ್ಟ ಉಬ್ಬುಗಳಿಗೆ, ಗಂಟಲಿನ ಗ್ರಂಥಿಗಳ ಆಕಾರವನ್ನು ಹೋಲುತ್ತವೆಂದು, ಅದೇ ಹೆಸರನ್ನು ಇಟ್ಟಿದ್ದಾರೆ. ತಲೆಬುರುಡೆಯ ತಳದಲ್ಲಿ ಬೆನ್ನುಹುರಿ ಹೊರಬರಲು ಒಂದು ದೊಡ್ಡ ರಂಧ್ರವಿದೆ. ಅದೇ ಫೋರಾಮೆನ್ ಮ್ಯಾಗ್ನಮ್. ಆ ಉಬ್ಬುಗಳು ಈ ರಂಧ್ರದ ಮೇಲೆಯೇ ಇರಬೇಕು. ನಿಮ್ಮಲ್ಲಿ ಅವು ರಂಧ್ರದೊಳಗೆ ಇಳಿದು ಕತ್ತಿನ ಭಾಗಕ್ಕೆ ಬಂದಿವೆ. ಇದನ್ನು 1891ರಲ್ಲಿ ವಿವರಿಸಿದವರು ಪ್ರಾಗ್ ನಗರದಲ್ಲಿದ್ದ ರೋಗಶಾಸ್ತ್ರಜ್ಞ ಹ್ಯಾನ್ಸ್ ಕಿಯಾರಿ. ಕನ್ನಡದಲ್ಲಿ ಹುಡುಕುವಾಗ ‘ಚಿಯಾರಿ’ ಎಂದೂ ಹುಡುಕಿ, ಹಲವರು ಹಾಗೆಯೇ ಬರೆಯುತ್ತಾರೆ. ‘ಆರ್ನಾಲ್ಡ್ ಕಿಯಾರಿ’ ಎಂಬ ಹೆಸರಿನಲ್ಲಿ ಬರುವ ಭಯಾನಕ ವಿವರಗಳು ಸಾಮಾನ್ಯವಾಗಿ ಎರಡನೆಯ ಬಗೆಗೆ ಸೇರಿದವು. ಅದು ಬೆನ್ನೆಲುಬು ಮುಚ್ಚಿಕೊಳ್ಳದೆ ಹುಟ್ಟುವ ಮಕ್ಕಳಲ್ಲಿ ಕಾಣುವಂಥದ್ದು, ನಿಮ್ಮದು ಅದಲ್ಲ.

ಇನ್ನು 9 ಮಿ.ಮೀ. ಲೆಕ್ಕ. ನಡುಗೆರೆಯ ಚಿತ್ರದಲ್ಲಿ ಆ ರಂಧ್ರದ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ಒಂದು ಗೆರೆ ಎಳೆದು, ಟಾನ್ಸಿಲ್‌ನ ತುದಿ ಅದರಿಂದ ಎಷ್ಟು ಕೆಳಗಿದೆ ಎಂದು ಅಳೆಯುತ್ತಾರೆ. ದೊಡ್ಡವರಲ್ಲಿ 5 ಮಿ.ಮೀ. ಅಥವಾ ಹೆಚ್ಚಾದರೆ ಕಿಯಾರಿ 1 ಎನ್ನುವುದು ವಾಡಿಕೆ. 3ರಿಂದ 5ರ ನಡುವಿನದನ್ನು ಗಡಿಯಲ್ಲಿದೆ ಎನ್ನುತ್ತಾರೆ. ಅಳೆಯುವವರು ಬೇರೆಯಾದರೆ ಒಂದೆರಡು ಮಿ.ಮೀ. ವ್ಯತ್ಯಾಸ ಬರುವುದು ನಾನು ಎಷ್ಟೋ ಸಲ ಕಂಡ ಸಂಗತಿ. ಎಂ.ಆರ್.ಐ. ಮಾಡಿಸಿಕೊಂಡ ನೂರು ಜನರಲ್ಲಿ ಸುಮಾರು ಒಬ್ಬರಲ್ಲಿ ಇಂತಹ ಇಳಿತ ಆಕಸ್ಮಿಕವಾಗಿ ಕಾಣಸಿಗುತ್ತದೆ, ಅವರಲ್ಲಿ ಅನೇಕರಿಗೆ ಯಾವ ತೊಂದರೆಯೂ ಇರುವುದಿಲ್ಲ. 12 ಮಿ.ಮೀ. ಇಳಿದಿದ್ದರೂ ನಿಶ್ಚಿಂತೆಯಿಂದ ಓಡಾಡುವವರಿದ್ದಾರೆ, 5 ಮಿ.ಮೀ.ಗೇ ಹಾಸಿಗೆ ಹಿಡಿದವರಿದ್ದಾರೆ. ಆದ್ದರಿಂದ ವರದಿಯ ಆ ಅಂಕಿಯನ್ನೇ ಹಿಡಿದುಕೊಂಡು ಹೆದರಬೇಡಿ, ಅದನ್ನೇ ಹಿಡಿದುಕೊಂಡು ಸಮಾಧಾನವನ್ನೂ ಪಡಬೇಡಿ.

ನಿಮ್ಮ ವರದಿಯಲ್ಲಿ ನಾನು ಎರಡು ಸಲ ಓದಿದ ಸಾಲು ಸಿರಿಂಕ್ಸ್‌ನದು. ಮೆದುಳು ಮತ್ತು ಬೆನ್ನುಹುರಿಯ ಸುತ್ತ ಒಂದು ತಿಳಿದ್ರವ ಇರುತ್ತದೆ, ಸಿ.ಎಸ್.ಎಫ್. ಎನ್ನುತ್ತಾರೆ. ದೊಡ್ಡವರಲ್ಲಿ ಯಾವುದೇ ಹೊತ್ತಿನಲ್ಲಿ ಅದು ಸುಮಾರು 150 ಮಿ.ಲೀ. ಇದ್ದು, ದಿನಕ್ಕೆ ಸುಮಾರು 500 ಮಿ.ಲೀ. ಹೊಸದಾಗಿ ಹುಟ್ಟುತ್ತದೆ. ಹೃದಯ ಬಡಿದಾಗಲೆಲ್ಲ ಈ ದ್ರವ ತಲೆಯಿಂದ ಕತ್ತಿನ ಕಡೆಗೆ ಇಳಿಯುತ್ತದೆ, ಮತ್ತೆ ಏರುತ್ತದೆ. ತೋಟದ ಬಸಿಗಾಲುವೆಯ ಬಾಯಿಗೆ ಸೋಗೆ ಬಿದ್ದು ಕಟ್ಟಿಕೊಂಡರೆ ನೀರು ಬೇರೆ ದಾರಿ ಹುಡುಕುವುದನ್ನು ನೀವು ನೋಡಿರುತ್ತೀರಿ. ಇಲ್ಲಿಯೂ ರಂಧ್ರದ ಬಾಯಿಯನ್ನು ಟಾನ್ಸಿಲ್‌ಗಳು ಕಟ್ಟಿದಾಗ ಒತ್ತಡ ಏರುಪೇರಾಗುತ್ತದೆ. ಕೆಮ್ಮಿದಾಗ ತಲೆ ಸಿಡಿಯುವುದು ಆ ಕ್ಷಣದ ಒತ್ತಡದಿಂದ. ಕಾಲಕ್ರಮದಲ್ಲಿ ಬೆನ್ನುಹುರಿಯ ಒಳಗೇ ದ್ರವ ತುಂಬಿದ ಕೊಳವೆಯಂತಹ ಪೊಳ್ಳು ಉಂಟಾಗುತ್ತದೆ. ಅದೇ ಸಿರಿಂಕ್ಸ್. ವರದಿಯ ಸಿ4 ಎಂದರೆ ಕತ್ತಿನ ನಾಲ್ಕನೆಯ ಎಲುಬಿನ ಮಟ್ಟ, ಟಿ1 ಎಂದರೆ ಕತ್ತು ಮುಗಿದು ಎದೆಯ ಭಾಗ ಶುರುವಾಗುವ ಮೊದಲ ಎಲುಬಿನ ಮಟ್ಟ. ಹೈಡ್ರೋಕೆಫಲಸ್ ಇಲ್ಲ ಎಂದರೆ ಮೆದುಳಿನೊಳಗೆ ಈ ದ್ರವ ಕಟ್ಟಿಕೊಂಡು ಹಿಗ್ಗಿಲ್ಲ ಎಂದರ್ಥ. ದ್ರವ ಒಳಗೆ ಹೇಗೆ ಸೇರುತ್ತದೆ ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ಸಿದ್ಧಾಂತಗಳಿವೆ, ಅವು ನಮಗೆ ಬೇಡ.

ನಿಮ್ಮ ಹಂಡೆಯ ಘಟನೆಗೆ ಉತ್ತರವೂ ಇಲ್ಲಿಯೇ ಇದೆ. ಬಿಸಿ, ತಣ್ಣಗೆ ಮತ್ತು ನೋವನ್ನು ಒಯ್ಯುವ ನರತಂತುಗಳು ಬೆನ್ನುಹುರಿಯ ಮಧ್ಯದಲ್ಲಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟುತ್ತವೆ. ಮಧ್ಯದಲ್ಲಿ ಪೊಳ್ಳು ಹಿಗ್ಗಿದಾಗ ಮೊದಲು ಹಾಳಾಗುವುದು ಅವೇ. ಸ್ಪರ್ಶವನ್ನು ಒಯ್ಯುವ ತಂತುಗಳು ಬೆನ್ನುಹುರಿಯ ಹಿಂಭಾಗದಲ್ಲಿ ಹೋಗುವುದರಿಂದ ಅವು ಉಳಿದುಕೊಳ್ಳುತ್ತವೆ. ‘ತಾಗಿದ್ದು ಗೊತ್ತಾಯಿತು, ಬಿಸಿ ಗೊತ್ತಾಗಲಿಲ್ಲ’ ಎಂದು ನೀವು ಬರೆದಿದ್ದೀರಲ್ಲ, ಅದನ್ನು ಹಾಗೆಯೇ, ಅದೇ ಮಾತುಗಳಲ್ಲಿ ವೈದ್ಯರಿಗೆ ಹೇಳಿ.

ಇನ್ನೊಂದು ಮಾತು. ನಿಮ್ಮ ಇಬ್ಬರು ವೈದ್ಯರಲ್ಲಿ ಭಿನ್ನಾಭಿಪ್ರಾಯ ಇದೆ ಎಂದು ನನಗೆ ಅನಿಸುವುದಿಲ್ಲ. ಎರಡನೆಯವರು ಬೇಡ ಎಂದಿಲ್ಲ, ಚಿತ್ರ ಅಪೂರ್ಣವಾಗಿದೆ ಎಂದಿದ್ದಾರೆ. ಕತ್ತಿನ ಸ್ಕ್ಯಾನಿನಲ್ಲಿ ಸಿರಿಂಕ್ಸ್‌ನ ಕೆಳತುದಿಯೇ ಸಿಕ್ಕಿಲ್ಲ, ಅದು ಎದೆಯ ಮಟ್ಟದವರೆಗೂ ಇಳಿದಿರಬಹುದು. ಹರಿವಿನ ಪರೀಕ್ಷೆಯನ್ನು ಸಿನೆ ಎಂ.ಆರ್.ಐ. ಎನ್ನುತ್ತೇವೆ. ಬೆರಳಿಗೆ ಅಥವಾ ಎದೆಗೆ ನಾಡಿಮಾಪಕ ಜೋಡಿಸಿ, ಹೃದಯ ಬಡಿತಕ್ಕೆ ಹೊಂದಿಸಿ ದ್ರವದ ಚಲನೆಯನ್ನು ಸೆರೆಹಿಡಿಯುತ್ತೇವೆ. ಸೂಜಿ ಚುಚ್ಚುವುದಿಲ್ಲ. ಸ್ಕ್ಯಾನ್ ಕೇಂದ್ರಕ್ಕೆ ಮೊದಲೇ ದೂರವಾಣಿ ಮಾಡಿ ಈ ಪರೀಕ್ಷೆ ಅಲ್ಲಿ ಆಗುತ್ತದೆಯೇ ಎಂದು ಕೇಳಿ, ಎಲ್ಲ ಕಡೆಯೂ ಮಾಡುವುದಿಲ್ಲ. ಹೋಗುವಾಗ ಹಳೆಯ ಸ್ಕ್ಯಾನಿನ ಸಿ.ಡಿ. ಒಯ್ಯಿರಿ. ಕಾಗದದ ವರದಿ ಮಾತ್ರ ಒಯ್ಯುವವರೇ ಹೆಚ್ಚು, ವೈದ್ಯರಿಗೆ ಬೇಕಾದದ್ದು ಚಿತ್ರಗಳು.

ಉತ್ತರ: ಗದಗಿನ ದರ್ಜಿ

ತಂಗಿ, ನಿಮ್ಮ ಬರಹ ಓದಿ ನನ್ನದೇ ಕಥೆ ಓದಿದಂತಾಯಿತು. ನಾನು ಬಟ್ಟೆ ಹೊಲಿಯುವವನು. ನನಗೆ ತಿಳಿದದ್ದು ಹಂಡೆಯಿಂದಲ್ಲ, ಸೂಜಿಯಿಂದ. ಬಲಗೈ ಬೆರಳಿನಿಂದ ರಕ್ತ ಬಟ್ಟೆಗೆ ಹತ್ತಿದಾಗ ಮಾತ್ರ ಸೂಜಿ ಚುಚ್ಚಿದ್ದು ಗೊತ್ತಾಗುತ್ತಿತ್ತು. ಆಗ ನನಗೆ ಇಳಿತ 7 ಮಿ.ಮೀ., ಸಿರಿಂಕ್ಸ್ 6 ಮಿ.ಮೀ. ಅಗಲ. ವೈದ್ಯರು ಶಸ್ತ್ರಚಿಕಿತ್ಸೆ ಹೇಳಿದ ಮೇಲೆ ನಾನು ಎರಡು ವರ್ಷ ಮುಂದೂಡಿದೆ, ಏಕೆಂದರೆ ನೋವು ಅಷ್ಟೇನೂ ಇರಲಿಲ್ಲ, ಅಂಗಡಿಗೆ ಬೀಗ ಹಾಕಲು ಧೈರ್ಯವಿರಲಿಲ್ಲ. ಆ ಎರಡು ವರ್ಷಗಳಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸ ಕರಗಿ ಅಲ್ಲಿ ಗುಂಡಿ ಬಿದ್ದಿತು. ಕತ್ತರಿ ಹಿಡಿಯುವ ಶಕ್ತಿ ಹೋಯಿತು.

ಶಸ್ತ್ರಚಿಕಿತ್ಸೆಯಾಗಿ ಆರು ವರ್ಷಗಳಾದವು. ಕೆಮ್ಮಿನ ತಲೆನೋವು ತಿಂಗಳೊಳಗೆ ಹೋಯಿತು, ಮತ್ತೆ ಬಂದಿಲ್ಲ. ಆರು ತಿಂಗಳ ಸ್ಕ್ಯಾನಿನಲ್ಲಿ ಸಿರಿಂಕ್ಸ್ ಅರ್ಧಕ್ಕಿಂತ ಕಡಿಮೆಯಾಗಿತ್ತು. ಆದರೆ ಕೈಯ ಆ ಗುಂಡಿ ಹಾಗೆಯೇ ಇದೆ. ನನ್ನ ವೈದ್ಯರು ಮೊದಲೇ ಹೇಳಿದ್ದರು: ‘ಇರುವುದನ್ನು ಉಳಿಸಲು ಮಾಡುತ್ತೇವೆ, ಹೋದದ್ದು ಬಂದರೆ ಲಾಭ ಎಂದುಕೊಳ್ಳಿ.’ ಆಗ ಆ ಮಾತು ಕಠೋರವೆನಿಸಿತು. ಈಗ ಅವರು ನನಗೆ ಹೇಳಿದ ಅತ್ಯಂತ ಪ್ರಾಮಾಣಿಕ ಮಾತು ಅದೇ ಎನಿಸುತ್ತದೆ. ಈಗ ನಾನು ಕತ್ತರಿಸುವ ಕೆಲಸ ಹುಡುಗನಿಗೆ ಬಿಟ್ಟು ಹೊಲಿಗೆ ಮಾತ್ರ ಮಾಡುತ್ತೇನೆ.

ಒಳ್ಳೆಯದನ್ನು ಮಾತ್ರ ಹೇಳಿದರೆ ಮೋಸವಾಗುತ್ತದೆ. ನನಗೆ ಬೋರಲು ಮಲಗಿಸಿ ಹಿಂದಲೆಯಿಂದ ಕತ್ತಿನವರೆಗೆ ಸೀಳಿ, ತಲೆಬುರುಡೆಯ ಕೆಳಗಿನ ಮೂಳೆಯನ್ನು ಸ್ವಲ್ಪ ತೆಗೆದು, ಕತ್ತಿನ ಮೊದಲ ಎಲುಬಿನ ಹಿಂಭಾಗದ ಕಮಾನನ್ನು ತೆಗೆದು, ಒಳಗಿನ ಗಟ್ಟಿ ಪೊರೆಯನ್ನು ಬಿಚ್ಚಿ, ಅಲ್ಲಿ ಒಂದು ತೇಪೆ ಹಾಕಿ ಅಗಲ ಮಾಡಿದರು. ತೇಪೆ ಹಾಕುವ ಮಾತು ದರ್ಜಿಯಾದ ನನಗೆ ತಕ್ಷಣ ಅರ್ಥವಾಯಿತು: ಬಿಗಿಯಾದ ರವಿಕೆಗೆ ಬದಿಯಲ್ಲಿ ಬಟ್ಟೆ ಸೇರಿಸಿ ಸಡಿಲ ಮಾಡಿದಂತೆ. ಹೊಲಿಗೆಯ ಜಾಗದಿಂದ ಸೋರಬಹುದು ಎಂಬುದೂ ಅರ್ಥವಾಗಬೇಕಿತ್ತು. ಒಂಬತ್ತನೆಯ ದಿನ ಮನೆಯಲ್ಲಿ ಬೆಳಗ್ಗೆ ಎದ್ದಾಗ ದಿಂಬು ಒದ್ದೆಯಾಗಿತ್ತು. ಬೆವರು ಎಂದುಕೊಂಡು ಮಧ್ಯಾಹ್ನದವರೆಗೆ ಸುಮ್ಮನಿದ್ದೆ. ಅದು ಮೆದುಳಿನ ದ್ರವವಾಗಿತ್ತು. ಆಸ್ಪತ್ರೆಯಲ್ಲಿ ಬಿಡುಗಡೆ ಮಾಡುವಾಗ ಇದರ ಬಗ್ಗೆ ಯಾರೂ ಎಚ್ಚರಿಸಿರಲಿಲ್ಲ, ಅದೊಂದು ನನ್ನ ಅಸಮಾಧಾನ. ಮತ್ತೆ ಸೇರಿಸಿಕೊಂಡು, ಸೊಂಟದಲ್ಲಿ ನಳಿಕೆ ಹಾಕಿ ದ್ರವವನ್ನು ಐದು ದಿನ ಹೊರಗೆ ಬಿಟ್ಟು, ಗಾಯಕ್ಕೆ ಮತ್ತೆ ಹೊಲಿಗೆ ಹಾಕಿದರು. ಸೋಂಕು ತಗಲಲಿಲ್ಲ, ದೇವರ ದಯೆ. ಆದ್ದರಿಂದ ಗಾಯದಿಂದ ನೀರು ಬಂದರೆ, ಜ್ವರ ಬಂದರೆ, ಕತ್ತು ಸೆಟೆದುಕೊಂಡರೆ, ಹಿಂದಲೆಯಲ್ಲಿ ಮೆತ್ತಗಿನ ಉಬ್ಬು ಬೆಳೆದರೆ ಅದೇ ಗಳಿಗೆಯಲ್ಲಿ ಹೋಗಬೇಕು.

ಮೊದಲ ಎರಡು ವಾರ ಕತ್ತಿನ ಸ್ನಾಯುಗಳ ನೋವು ತಲೆನೋವಿಗಿಂತ ಹೆಚ್ಚು. ಮಲಬದ್ಧತೆ ಆಗದಂತೆ ನೋಡಿಕೊಳ್ಳಿ, ಮುಕ್ಕರಿಯುವುದು ಹೊಲಿಗೆಗೆ ಒಳ್ಳೆಯದಲ್ಲ. ನಾನು ಯಂತ್ರದ ಮುಂದೆ ಕುಳಿತದ್ದು ಹತ್ತನೆಯ ವಾರದಲ್ಲಿ.

ಖರ್ಚಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಅವಕಾಶವಿದೆ; ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ತುರ್ತು ಅಲ್ಲದ ಶಸ್ತ್ರಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕೇಳುತ್ತಾರೆ, ಅದನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ.

ಸಾಗರದ ಗೃಹಿಣಿ

ಇಬ್ಬರಿಗೂ ಕೃತಜ್ಞತೆಗಳು. ಬಸಿಗಾಲುವೆಯ ಹೋಲಿಕೆಯನ್ನು ಮನೆಯಲ್ಲಿ ಓದಿ ಹೇಳಿದೆ, ಎಲ್ಲರಿಗಿಂತ ಮೊದಲು ಅರ್ಥವಾದದ್ದು ಅತ್ತೆಯವರಿಗೆ. ಆದರೆ ಅವರ ಹೊಸ ವಾದವೇನೆಂದರೆ, ಸಂಬಂಧಿಕರ ಪೈಕಿ ಒಬ್ಬರಿಗೆ ಇದೇ ಕಾಯಿಲೆ ಎಂದು ಹೇಳಿ ಆಮೇಲೆ ಶಸ್ತ್ರಚಿಕಿತ್ಸೆ ಇಲ್ಲದೆಯೇ ವಾಸಿಯಾಯಿತಂತೆ. ಹಾಗೂ ಆಗುತ್ತದೆಯೇ? ದರ್ಜಿ ಅಣ್ಣನವರ ದಿಂಬಿನ ವಿಷಯ ಓದಿ ರಾತ್ರಿ ನಿದ್ದೆ ಬರಲಿಲ್ಲ, ಆದರೂ ಬರೆದದ್ದು ಒಳ್ಳೆಯದಾಯಿತು.

ಉತ್ತರ: ಮೈಸೂರಿನಿಂದ ಒಬ್ಬ ಓದುಗ

ಹಾಗೂ ಆಗುತ್ತದೆ, ನನಗೇ ಆಗಿದೆ. ಆದರೆ ನನಗೆ ಇದ್ದದ್ದು ಕಿಯಾರಿಯೇ ಅಲ್ಲ ಎಂಬುದು ಆ ಕಥೆಯ ತಿರುಳು. ನನ್ನ ಎಂ.ಆರ್.ಐ. ವರದಿಯಲ್ಲಿಯೂ ಟಾನ್ಸಿಲ್‌ಗಳು 6 ಮಿ.ಮೀ. ಇಳಿದಿವೆ, ಕಿಯಾರಿ 1 ಎಂದೇ ಬರೆದಿತ್ತು. ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ದಿನಾಂಕವನ್ನೂ ಕೊಟ್ಟಿದ್ದರು. ಅಲ್ಲಿ ಯಾರೂ ನನ್ನನ್ನು ಕೇಳದೇ ಇದ್ದ ಒಂದು ಪ್ರಶ್ನೆಯನ್ನು ಇನ್ನೊಬ್ಬ ನರರೋಗ ತಜ್ಞರು ಕೇಳಿದರು: ‘ಮಲಗಿದಾಗ ತಲೆನೋವು ಏನಾಗುತ್ತದೆ?’ ಮಲಗಿದ ಹತ್ತು ನಿಮಿಷಕ್ಕೆ ಪೂರ್ತಿ ಹೋಗುತ್ತದೆ, ಎದ್ದು ನಿಂತರೆ ಮತ್ತೆ ಬರುತ್ತದೆ ಎಂದೆ. ಅವರು ಔಷಧ ಕೊಟ್ಟು ತೆಗೆಯುವ ಎಂ.ಆರ್.ಐ. ಮಾಡಿಸಿದರು. ಮೆದುಳಿನ ಸುತ್ತಲಿನ ಪೊರೆ ಎಲ್ಲ ಕಡೆಯೂ ಬೆಳ್ಳಗೆ ದಪ್ಪವಾಗಿ ಕಂಡಿತು. ಬೆನ್ನಿನಲ್ಲೆಲ್ಲೋ ಪೊರೆ ಹರಿದು ದ್ರವ ಸೋರುತ್ತಿದ್ದುದರಿಂದ ಮೆದುಳಿಗೆ ತೇಲಲು ಆಸರೆ ಸಾಲದೆ ಅದು ಕುಸಿದಿತ್ತು, ಟಾನ್ಸಿಲ್‌ಗಳು ಅದರ ಜೊತೆಗೆ ಇಳಿದಿದ್ದವು. ನನ್ನದೇ ರಕ್ತವನ್ನು ಬೆನ್ನಿನ ಪೊರೆಯ ಹೊರಗೆ ಚುಚ್ಚಿ ಸೋರಿಕೆಯನ್ನು ಮುಚ್ಚಿದರು, ಎರಡು ಸಲ ಮಾಡಬೇಕಾಯಿತು. ನಾಲ್ಕು ತಿಂಗಳ ನಂತರದ ಸ್ಕ್ಯಾನಿನಲ್ಲಿ ಟಾನ್ಸಿಲ್‌ಗಳು ತಮ್ಮ ಜಾಗಕ್ಕೆ ಮರಳಿದ್ದವು. ಹಿಂದಲೆಯ ಮೂಳೆ ತೆಗೆದಿದ್ದರೆ ನನ್ನ ಕಾಯಿಲೆ ವಾಸಿಯಾಗುತ್ತಿರಲಿಲ್ಲ, ಬಹುಶಃ ಹೆಚ್ಚಾಗುತ್ತಿತ್ತು.

ಇದನ್ನು ಓದಿ ನೀವು ಶಸ್ತ್ರಚಿಕಿತ್ಸೆ ಬೇಡ ಎನ್ನುವ ತೀರ್ಮಾನಕ್ಕೆ ಬರಬಾರದು. ನಿಮ್ಮ ನೋವು ಕೆಮ್ಮಿನದು, ನಿಂತಾಗ ಬರುವುದಲ್ಲ. ನಿಮಗೆ ಸಿರಿಂಕ್ಸ್ ಇದೆ, ಕೈಗೆ ಬಿಸಿ ತಿಳಿಯುತ್ತಿಲ್ಲ. ನಿಮ್ಮ ಸಂಬಂಧಿಕರದು ನನ್ನಂಥದ್ದೇ ಆಗಿದ್ದಿರಬಹುದು, ಅಥವಾ ಮೈಗ್ರೇನ್ ಇದ್ದು ಇಳಿತ ಆಕಸ್ಮಿಕವಾಗಿ ಕಂಡದ್ದಿರಬಹುದು. ಅವರ ವಾಸಿಯನ್ನು ನಿಮ್ಮ ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ.

ಉತ್ತರ: ನರಶಸ್ತ್ರಚಿಕಿತ್ಸಾ ವಿಭಾಗದ ವೈದ್ಯ

ನಿಮ್ಮನ್ನು ನೋಡದೆ, ಚಿತ್ರಗಳನ್ನು ನೋಡದೆ ನಾನು ಸಲಹೆ ಕೊಡುವಂತಿಲ್ಲ. ಆದರೆ ವೈದ್ಯರ ಮುಂದೆ ಕುಳಿತಾಗ ಯಾವ ವಿಷಯ ಮಾತಾಡಬೇಕು ಎಂಬುದನ್ನು ಹೇಳಬಲ್ಲೆ.

ಆಕಸ್ಮಿಕವಾಗಿ ಕಂಡ, ತೊಂದರೆಯಿಲ್ಲದ ಕಿಯಾರಿಗೆ ನಾವು ಕತ್ತಿ ಹಿಡಿಯುವುದಿಲ್ಲ, ಕಾದು ನೋಡುತ್ತೇವೆ. ಕೆಮ್ಮಿನಿಂದ ಬರುವ ಹಿಂದಲೆಯ ನೋವು, ಸಿರಿಂಕ್ಸ್, ಪರೀಕ್ಷೆಯಲ್ಲಿ ಖಚಿತವಾಗುವ ಸಂವೇದನೆಯ ನಷ್ಟ, ಇವು ಕಂಡಾಗ ತಕ್ಕಡಿ ಶಸ್ತ್ರಚಿಕಿತ್ಸೆಯ ಕಡೆಗೆ ವಾಲುತ್ತದೆ, ಮೂರೂ ಒಬ್ಬರಲ್ಲೇ ಇರಬೇಕೆಂದಿಲ್ಲ; ಕೂಡಿದ್ದರೆ ಇನ್ನಷ್ಟು ವಾಲುತ್ತದೆ. ಮಾತ್ರೆಗಳು ನೋವನ್ನು ತಗ್ಗಿಸಬಹುದು, ಕಟ್ಟಿಕೊಂಡ ದಾರಿಯನ್ನು ತೆರೆಯಲಾರವು. ಕಾದು ನೋಡುವುದೆಂದರೆ ಸುಮ್ಮನಿರುವುದಲ್ಲ ಎಂಬುದನ್ನೂ ಸೇರಿಸಬೇಕು. ಅದಕ್ಕೂ ನಿಗದಿತ ಅವಧಿಯ ಸ್ಕ್ಯಾನ್, ನಿಗದಿತ ಅವಧಿಯ ನರಪರೀಕ್ಷೆ ಬೇಕು.

ಎರಡನೆಯ ವೈದ್ಯರು ಕತ್ತನ್ನು ಬಗ್ಗಿಸಿ ಚಾಚಿ ತೆಗೆಯುವ ಎಕ್ಸ್‌ರೇ ಏಕೆ ಕೇಳಿದರು ಎಂಬುದನ್ನು ಇಲ್ಲಿ ಯಾರೂ ವಿವರಿಸಿಲ್ಲ. ತಲೆಬುರುಡೆ ಮತ್ತು ಕತ್ತು ಸೇರುವ ಜಾಗದ ಮೂಳೆದೋಷಗಳು ನಮ್ಮ ದೇಶದ ರೋಗಿಗಳಲ್ಲಿ ವಿರಳವಲ್ಲ. ಮೊದಲ ಎಲುಬು ಬುರುಡೆಗೆ ಅಂಟಿಕೊಂಡಿರುವುದು, ಎರಡನೆಯ ಎಲುಬಿನ ಮೊನೆ ಮೇಲಕ್ಕೆ ನುಗ್ಗಿರುವುದು, ಮೊದಲೆರಡು ಎಲುಬುಗಳ ನಡುವೆ ಸಡಿಲವಿರುವುದು, ಇವುಗಳಿಂದಲೂ ಟಾನ್ಸಿಲ್ ಇಳಿಯಬಹುದು. ಅಂತಹವರಲ್ಲಿ ಹಿಂದಿನ ಮೂಳೆ ಮಾತ್ರ ತೆಗೆದರೆ ಕತ್ತು ಇನ್ನಷ್ಟು ಅಸ್ಥಿರವಾಗುತ್ತದೆ; ತಿರುಪು ಹಾಕಿ ಸ್ಥಿರಗೊಳಿಸಬೇಕಾಗುತ್ತದೆ. ಮುಂಬೈಯ ನರಶಸ್ತ್ರಚಿಕಿತ್ಸಕ ಡಾ. ಅತುಲ್ ಗೋಯಲ್ ಅವರು 2015ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಕಿಯಾರಿಯ ಮೂಲವೇ ಈ ಎರಡು ಎಲುಬುಗಳ ಅಸ್ಥಿರತೆ ಎಂದು ವಾದಿಸಿ, ಎಲ್ಲರಿಗೂ ಸ್ಥಿರಗೊಳಿಸುವ ಶಸ್ತ್ರಚಿಕಿತ್ಸೆಯನ್ನೇ ಪ್ರತಿಪಾದಿಸಿದರು. ಆ ವಾದ ಇಂದಿಗೂ ವಿವಾದದಲ್ಲಿದೆ. ಅಸ್ಥಿರತೆ ಕಾಣದವರಲ್ಲಿ ಹೆಚ್ಚಿನ ಶಸ್ತ್ರಚಿಕಿತ್ಸಕರು ರಂಧ್ರವನ್ನು ಅಗಲಿಸುವುದನ್ನೇ ಮಾಡುತ್ತಾರೆ. ನಿಮ್ಮ ವೈದ್ಯರು ತಿರುಪಿನ ಮಾತಾಡಿದರೆ ಕಾರಣ ಕೇಳಿ, ಸಿ.ಟಿ. ಚಿತ್ರದಲ್ಲಿ ತೋರಿಸುವಂತೆ ವಿನಂತಿಸಿ.

ಪೊರೆಯನ್ನು ಬಿಚ್ಚುವರೇ ಇಲ್ಲವೇ ಎಂಬುದನ್ನೂ ಕೇಳಬೇಕು. ಮೂಳೆ ಮಾತ್ರ ತೆಗೆದರೆ ಸೋರಿಕೆಯ, ಸೋಂಕಿನ ಅಪಾಯ ಕಡಿಮೆ, ಆದರೆ ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗುವ ಸಾಧ್ಯತೆ ಹೆಚ್ಚು. ಪೊರೆ ಬಿಚ್ಚಿ ತೇಪೆ ಹಾಕಿದರೆ ಸಿರಿಂಕ್ಸ್ ಕುಗ್ಗುವ ಸಾಧ್ಯತೆ ಹೆಚ್ಚು, ದರ್ಜಿಯವರಿಗೆ ಆದಂತಹ ತೊಡಕೂ ಹೆಚ್ಚು. ತೇಪೆಗೆ ರೋಗಿಯ ಬುರುಡೆಯ ಮೇಲಿನ ಪದರವನ್ನೇ ಬಳಸುವವರಿದ್ದಾರೆ, ತೊಡೆಯ ಪೊರೆ ಬಳಸುವವರಿದ್ದಾರೆ, ಸಿದ್ಧ ತೇಪೆ ಬಳಸುವವರೂ ಇದ್ದಾರೆ. ‘ವರ್ಷಕ್ಕೆ ಇಂತಹ ಎಷ್ಟು ಶಸ್ತ್ರಚಿಕಿತ್ಸೆ ಮಾಡುತ್ತೀರಿ, ಅದರಲ್ಲಿ ಎಷ್ಟು ಜನರಿಗೆ ಸೋರಿತು?’ ಎಂದು ಕೇಳಲು ಸಂಕೋಚ ಪಡಬೇಡಿ; ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಕಣ್ಣಿನ ವೈದ್ಯರಲ್ಲಿ ಕಣ್ಣಿನ ಒಳಪದರದ ಪರೀಕ್ಷೆಯನ್ನೂ ಮಾಡಿಸಿ, ತಲೆಯೊಳಗಿನ ಒತ್ತಡ ಹೆಚ್ಚಿರುವುದರಿಂದ ಟಾನ್ಸಿಲ್ ಇಳಿದಿದ್ದರೆ ಅದರ ಸುಳಿವು ಅಲ್ಲಿ ಸಿಗುತ್ತದೆ. ಎಲ್ಲವನ್ನೂ ಒಂದೇ ಆವರಣದಲ್ಲಿ ನೋಡಿಸಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆ ಇದೆ, ಸರದಿ ಕಾಯುವ ತಾಳ್ಮೆ ಬೇಕಷ್ಟೇ.

ಅಲ್ಲಿಯವರೆಗೆ ಕೆಲವು ಎಚ್ಚರಿಕೆಗಳು. ಶೀರ್ಷಾಸನ, ಹಲಾಸನ ಬೇಡ. ಕತ್ತನ್ನು ತಿರುವಿ ಲಟಕ್ಕೆನಿಸುವ ಯಾವ ಚಿಕಿತ್ಸೆಯೂ ಬೇಡ. ಭಾರ ಎತ್ತಬೇಡಿ. ಬೇರೆ ಯಾವುದಾದರೂ ಕಾರಣಕ್ಕೆ ಬೆನ್ನಿಗೆ ಸೂಜಿ ಹಾಕಿ ಅರಿವಳಿಕೆ ಕೊಡುವ ಪ್ರಸಂಗ ಬಂದರೆ ಕಿಯಾರಿ ಇದೆ ಎಂದು ಮೊದಲೇ ಹೇಳಿ. ನುಂಗುವಾಗ ಪದೇ ಪದೇ ನೆತ್ತಿಗೆ ಹತ್ತುವುದು, ಧ್ವನಿ ಒಡೆಯುವುದು, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು, ನಡಿಗೆ ತಪ್ಪುವುದು, ಮೂತ್ರದ ಹಿಡಿತ ಹೋಗುವುದು, ಕೈಕಾಲಿನ ಬಲ ಇದ್ದಕ್ಕಿದ್ದಂತೆ ಕುಂದುವುದು, ಇವುಗಳಲ್ಲಿ ಒಂದು ಕಂಡರೂ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯಬಾರದು.

ಮಗಳ ವಿಷಯ: ಕೆಲವು ಕುಟುಂಬಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿ ಕಾಣುವುದುಂಟು, ಆದರೆ ಲಕ್ಷಣವಿಲ್ಲದ ಮಗುವಿಗೆ ಸುಮ್ಮನೆ ಸ್ಕ್ಯಾನ್ ಮಾಡಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಕೆಮ್ಮಿನ ತಲೆನೋವು ಬಂದರೆ ಅಥವಾ ಬೆನ್ನು ಒಂದು ಬದಿಗೆ ವಾಲಿದಂತೆ ಕಂಡರೆ ತೋರಿಸಿ.

ಸಾಗರದ ಗೃಹಿಣಿ (ಏಳು ವಾರಗಳ ನಂತರ)

ಎಲ್ಲ ಪರೀಕ್ಷೆಗಳೂ ಮುಗಿದವು. ಸಿರಿಂಕ್ಸ್ ಟಿ4ರವರೆಗೆ ಇಳಿದಿದೆ. ಸಿನೆ ಪರೀಕ್ಷೆಯಲ್ಲಿ ರಂಧ್ರದ ಹಿಂಭಾಗದಲ್ಲಿ ದ್ರವದ ಹರಿವು ಇಲ್ಲವೇ ಇಲ್ಲ, ಮುಂಭಾಗದಲ್ಲಿ ಸ್ವಲ್ಪ ಇದೆ. ಎಲುಬುಗಳಲ್ಲಿ ಸಡಿಲವಿಲ್ಲ, ಕಣ್ಣಿನ ಪರೀಕ್ಷೆ ಸರಿಯಾಗಿದೆ. ವೈದ್ಯರು ಎರಡು ಪ್ರನಾಳಗಳಲ್ಲಿ ಬಿಸಿನೀರು, ತಣ್ಣೀರು ತುಂಬಿ ಕೈಗೆ, ಭುಜಕ್ಕೆ ತಾಗಿಸುತ್ತ ಹೋದರು. ಎಡಗೈಯಲ್ಲಷ್ಟೇ ಎಂದುಕೊಂಡಿದ್ದ ನನಗೆ ಎಡಭುಜದ ಮೇಲೂ, ಬಲಗೈಯ ಎರಡು ಬೆರಳುಗಳಲ್ಲೂ ವ್ಯತ್ಯಾಸ ತಿಳಿಯದು ಎಂಬುದು ಅಲ್ಲಿಯೇ ಗೊತ್ತಾಯಿತು. ಇದನ್ನು ಎದುರಿಗೆ ಕುಳಿತು ನೋಡಿದ ಮೇಲೆ ನನ್ನ ಯಜಮಾನರು ಮುಂದೂಡುವ ಮಾತು ಬಿಟ್ಟರು.

ಮುಂದಿನ ತಿಂಗಳ ಎರಡನೆಯ ವಾರಕ್ಕೆ ದಿನ ನಿಶ್ಚಯವಾಗಿದೆ. ಪೊರೆ ಬಿಚ್ಚಿ, ನನ್ನದೇ ಬುರುಡೆಯ ಮೇಲಿನ ಪದರದಿಂದ ತೇಪೆ ಹಾಕುತ್ತಾರೆ. ಎಷ್ಟು ಜನರಿಗೆ ಸೋರಿತು ಎಂಬ ಪ್ರಶ್ನೆಯನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಕೇಳಿದವರು ಅತ್ತೆಯವರು. ವೈದ್ಯರು ನಕ್ಕು, ಕುರ್ಚಿ ಮುಂದಕ್ಕೆ ಎಳೆದುಕೊಂಡು, ಅವರಿಗೇ ಎಲ್ಲವನ್ನೂ ವಿವರಿಸಿದರು. ಈ ವರ್ಷದ ಕೊಯ್ಲಿಗೆ ಹಂಡೆಯ ಬಳಿ ನಿಲ್ಲಲು ಆಳು ಗೊತ್ತುಮಾಡಿದ್ದೇವೆ. ದರ್ಜಿ ಅಣ್ಣನವರೇ, ಮಲಗುವಾಗ ದಿಂಬು ಎತ್ತರ ಇರಬೇಕೇ, ತಗ್ಗಿರಬೇಕೇ, ನಿಮಗೆ ಯಾವುದು ಅನುಕೂಲವಾಯಿತು ಎಂದು ತಿಳಿಸಿದರೆ ಬ್ಯಾಗು ತುಂಬುವಾಗ ಅದನ್ನೂ ಇಟ್ಟುಕೊಳ್ಳುತ್ತೇನೆ.

ಗದಗಿನ ದರ್ಜಿ

ತಂಗಿ, ನನ್ನ ವೈದ್ಯರು ತಲೆಯ ಕಡೆ ಹಾಸಿಗೆಯನ್ನೇ ಸ್ವಲ್ಪ ಎತ್ತರಿಸಲು ಹೇಳಿದ್ದರು, ನಿಮ್ಮವರನ್ನೂ ಒಂದು ಮಾತು ಕೇಳಿ. ದಿಂಬು ತೆಳ್ಳಗಿನದು, ಹತ್ತಿಯದು, ಅದರ ಮೇಲೆ ಬಿಳಿಯ ಬಟ್ಟೆ ಹಾಸಿ. ಒದ್ದೆಯಾದರೆ ಬಿಳಿಯ ಬಟ್ಟೆಯ ಮೇಲೆ ಬೇಗ ಕಾಣುತ್ತದೆ.